ಬರೆದಿಡದ ಗೀತೆಗಳು ಉಳಿದದ್ದು ಹೇಗೆ?

ಪ್ರಶ್ನೆ: ವೇಲ್ಸ್‌ನ ಭಕ್ತಿಕವಯಿತ್ರಿ ಆ್ಯನ್ ಗ್ರಿಫಿತ್ಸ್ (1776–1805) ತಮ್ಮ ಗೀತೆಗಳನ್ನು ಬರೆದಿಡಲಿಲ್ಲವಂತೆ. ಮತ್ತೆ ಅವು ನಮಗೆ ಸಿಕ್ಕಿದ್ದು ಹೇಗೆ?

ಉತ್ತರ: ಮನೆಗೆಲಸದಾಕೆಯ ನೆನಪಿನಿಂದ! ಡೋಲ್ವಾರ್ ವಾಖ್ ಎಂಬ ತೋಟದ ಮನೆಯಲ್ಲಿ ಆ್ಯನ್ ಕಟ್ಟಿದ ಪದ್ಯಗಳನ್ನು ಕೆಲಸದ ರೂತ್ ಇವಾನ್ಸ್ ಕೇಳಿ ಬಾಯಿಪಾಠ ಮಾಡಿಕೊಂಡಿದ್ದರು. ಹೆರಿಗೆಯ ಬೆನ್ನಿಗೇ ಆ್ಯನ್ ತೀರಿಕೊಂಡಾಗ ವಯಸ್ಸು ಬರೀ 29. ರೂತ್ ಹೇಳುತ್ತಾ ಹೋದದ್ದನ್ನು ಅವರ ಗಂಡ, ಧರ್ಮಬೋಧಕ ಜಾನ್ ಹ್ಯೂಸ್, ನೋಟ್‌ಪುಸ್ತಕಕ್ಕೆ ಇಳಿಸಿದರು. ಎಪ್ಪತ್ತಕ್ಕೂ ಹೆಚ್ಚು ಚರಣ ಹೀಗೆ ದಕ್ಕಿದವು. ಆ್ಯನ್ ಕೈಬರಹದಲ್ಲೇ ಉಳಿದಿರುವುದು ಗೆಳತಿಗೆ ಬರೆದ ಕಾಗದದಲ್ಲಿನ ಒಂದೇ ಒಂದು ಚರಣ.

ತೊಡಕೂ ಇದೆ. 1806ರಲ್ಲಿ ಅಚ್ಚಾಗುವಾಗ ಅಲ್ಲಲ್ಲಿ ಪದಗಳನ್ನು ತಿದ್ದಿ ನಯ ಮಾಡಿದರು. ಆದರೆ ಮೂಲ ಪದ್ಯಗಳ ಒರಟುತನವೇ ಸೊಗಸು. ಹಾಗಾಗಿ ಹ್ಯೂಸ್ ಹಸ್ತಪ್ರತಿಯ ಪಾಠ ಅನುಸರಿಸಿದ ಮುದ್ರಣವನ್ನೇ ಓದಿ.