ಇಂಪ್ಲಾಂಟ್ ಯಾರ ಕೈಯಲ್ಲಿ ಹಾಕಿಸುವುದು?

ಪ್ರಶ್ನೆ: ನನ್ನ ತಾಯಿಗೆ 62 ವರ್ಷ. ಕೆಳದವಡೆಯ ಬಲಗಡೆ ಕೊನೆಯ ಎರಡು ಹಲ್ಲು ಕೀಳಿಸಿ ಒಂದು ವರ್ಷವಾಯಿತು. ಆ ಕಡೆ ರೊಟ್ಟಿ ಅಗಿಯಲು ಆಗುವುದಿಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಒಂದು ಕ್ಲಿನಿಕ್‌ನವರು ಮೂರೇ ದಿನದಲ್ಲಿ ಇಂಪ್ಲಾಂಟ್ (ದವಡೆಯ ಮೂಳೆಯಲ್ಲಿ ಕೂರಿಸುವ ಟೈಟಾನಿಯಂ ಬೇರು) ಹಾಕಿ ಹಲ್ಲು ಕೂರಿಸುತ್ತೇವೆ, ಹಬ್ಬದ ಆಫರ್ ಇದೆ ಎನ್ನುತ್ತಾರೆ. ಇನ್ನೊಂದು ಕಡೆ ಐದು ತಿಂಗಳು ಬೇಕು ಅನ್ನುತ್ತಾರೆ, ಖರ್ಚೂ ಹೆಚ್ಚು. ಎರಡೂ ಬೋರ್ಡಿನಲ್ಲಿ ‘ಇಂಪ್ಲಾಂಟ್ ತಜ್ಞರು’ ಎಂದಿದೆ. ಯಾರನ್ನು ನಂಬಬೇಕು?
– ಓದುಗರು, ದಾವಣಗೆರೆ

ಉತ್ತರ: ಬೋರ್ಡಿನಿಂದಲೇ ಶುರು ಮಾಡೋಣ. ನಮ್ಮ ದೇಶದಲ್ಲಿ ಇಂಪ್ಲಾಂಟ್‌ಗೆಂದೇ ಪ್ರತ್ಯೇಕ ಎಂಡಿಎಸ್ (ದಂತ ವೈದ್ಯಕೀಯದ ಸ್ನಾತಕೋತ್ತರ ಪದವಿ) ಇಲ್ಲ. ಕೃತಕ ಹಲ್ಲು ಕಟ್ಟುವ ಪ್ರೊಸ್ತೊಡಾಂಟಿಕ್ಸ್, ಒಸಡಿನ ಚಿಕಿತ್ಸೆಯ ಪೆರಿಯೊಡಾಂಟಿಕ್ಸ್, ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸೆ, ಮುಖ್ಯವಾಗಿ ಈ ಮೂರು ವಿಭಾಗದವರು ಮೂರು ವರ್ಷದ ಎಂಡಿಎಸ್ ಓದಿನೊಳಗೇ ಇದನ್ನು ಕಲಿಯುತ್ತಾರೆ. ದಂತ ವೈದ್ಯರ ಮೊದಲ ಪದವಿಯಾದ ಬಿಡಿಎಸ್ ಮುಗಿಸಿ, ಆಮೇಲೆ ಕೋರ್ಸ್ ಮಾಡಿ, ವರ್ಷಗಟ್ಟಲೆ ಕೈ ಪಳಗಿಸಿಕೊಂಡು ಚೆನ್ನಾಗಿ ಹಾಕುವವರೂ ಇದ್ದಾರೆ. ಎರಡು ದಿನದ ಕಾರ್ಯಾಗಾರದ ಸರ್ಟಿಫಿಕೇಟನ್ನು ಗೋಡೆಗೆ ತೂಗುಹಾಕಿದವರೂ ಇದ್ದಾರೆ. ಹಾಗಾಗಿ ಬೋರ್ಡು ಏನನ್ನೂ ಹೇಳುವುದಿಲ್ಲ. ವೈದ್ಯರ ಪದವಿ ಯಾವುದು, ಯಾವ ವಿಭಾಗದ್ದು, ಕರ್ನಾಟಕ ರಾಜ್ಯ ದಂತ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಎಷ್ಟು ಎಂದು ನೇರವಾಗಿ ಕೇಳಿ. ಕೇಳುವುದು ಅಗೌರವವಲ್ಲ. ಸರಿಯಾಗಿ ಓದಿ ಬಂದವರು ಸಂತೋಷದಿಂದಲೇ ಹೇಳುತ್ತಾರೆ.

ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ: ನಿಮ್ಮ ತಾಯಿಯ ಬಾಯಿಗೆ ನಿಜವಾಗಿ ಕೈ ಹಾಕುವವರು ಯಾರು? ನಮ್ಮ ಜಿಲ್ಲಾ ಕೇಂದ್ರ, ತಾಲ್ಲೂಕುಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಹೀಗೆ: ಕ್ಲಿನಿಕ್ ಒಬ್ಬರದು, ಇಂಪ್ಲಾಂಟ್ ಹಾಕಲು ಭಾನುವಾರ ಬೇರೆ ಊರಿನಿಂದ ಕನ್ಸಲ್ಟೆಂಟ್ ಬರುತ್ತಾರೆ, ತಿಂಗಳುಗಳ ನಂತರ ಕ್ಯಾಪ್ ಕೂರಿಸುವವರು ಮತ್ತೊಬ್ಬರು. ಈ ಪದ್ಧತಿಯೇ ತಪ್ಪೆಂದು ನಾನು ಹೇಳುವುದಿಲ್ಲ. ಇದರಿಂದಾಗಿ ಎಷ್ಟೋ ಊರುಗಳಿಗೆ ಒಳ್ಳೆಯ ಸರ್ಜನ್‌ಗಳು ಸಿಕ್ಕಿದ್ದಾರೆ. ಆದರೆ ಆ ಕನ್ಸಲ್ಟೆಂಟ್ ನಿಮ್ಮ ತಾಯಿಯನ್ನು ಮೊದಲೇ ಒಮ್ಮೆ ನೋಡಿರಬೇಕು, ಸ್ಕ್ಯಾನ್ ಓದಿರಬೇಕು. ಸೋಮವಾರ ರಾತ್ರಿ ರಕ್ತ ನಿಲ್ಲದಿದ್ದರೆ, ತುಟಿಯ ಜೋಮು ಹೋಗದಿದ್ದರೆ ಫೋನ್ ಮಾಡಬೇಕಾದದ್ದು ಯಾರಿಗೆ, ಯಾರು ಬಂದು ನೋಡುತ್ತಾರೆ ಎನ್ನುವುದು ಹಾಕಿಸುವ ಮೊದಲೇ ಗೊತ್ತಿರಬೇಕು. ‘ಅದೆಲ್ಲ ಆಗಲ್ಲ ಬಿಡಿ ಅಮ್ಮ’ ಎಂಬ ಸಮಾಧಾನ ಇದಕ್ಕೆ ಉತ್ತರವಲ್ಲ.

ತುಟಿಯ ಮಾತು ಯಾಕೆ ತೆಗೆದೆನೆಂದರೆ, ಕೆಳದವಡೆಯ ಆ ಭಾಗದಲ್ಲಿ ಮೂಳೆಯ ಒಳಗೇ ಒಂದು ನರ ಹಾದು ಹೋಗುತ್ತದೆ. ಕೆಳತುಟಿ, ಗಲ್ಲದ ಸ್ಪರ್ಶ ಗೊತ್ತಾಗುವುದು ಅದರಿಂದಲೇ. ಇಂಪ್ಲಾಂಟ್‌ನ ತುದಿಗೂ ಆ ನರಕ್ಕೂ ನಡುವೆ ಕನಿಷ್ಠ 2 ಮಿಲಿಮೀಟರ್ ಅಂತರ ಬಿಡುವುದು ನಮ್ಮ ಕ್ರಮ. ಮಾಮೂಲಿ ಎಕ್ಸ್‌ರೇಯಲ್ಲಿ ಮೂಳೆಯ ಎತ್ತರ ಒಂದು ಅಂದಾಜಿಗೆ ಸಿಗುತ್ತದೆ, ದಪ್ಪ ಸಿಗುವುದಿಲ್ಲ. ಅದಕ್ಕೆ ಸಿಬಿಸಿಟಿ ಎಂಬ ಮೂರು ಆಯಾಮದ ಸ್ಕ್ಯಾನ್ ಬೇಕು. ಅದನ್ನು ಕಂಪ್ಯೂಟರಿನಲ್ಲಿ ನಿಮ್ಮ ಮುಂದೆಯೇ ತೆರೆದು, ಇಲ್ಲಿ ನರ ಇದೆ, ಇಷ್ಟು ಮೂಳೆ ಇದೆ, ಇಷ್ಟು ಉದ್ದದ ಇಂಪ್ಲಾಂಟ್ ಹಾಕುತ್ತೇನೆ ಎಂದು ತೋರಿಸುವ ವೈದ್ಯರ ಕಡೆಗೆ ನನ್ನ ಒಲವು. ಸ್ಕ್ಯಾನ್ ಮಾಡಿಸದೆ, ಬಾಯಿ ತೆರೆಸಿ ನೋಡಿದ ಕೂಡಲೇ ಪೂರ್ತಿ ರೇಟು ಹೇಳಿದವರಲ್ಲಿ ಹಾಕಿಸಬೇಡಿ.

ಇನ್ನು ಮೂರು ದಿನ, ಐದು ತಿಂಗಳ ವಿಚಾರ. ಟೈಟಾನಿಯಂಗೆ ಮೂಳೆ ಬೆಸೆದುಕೊಳ್ಳುತ್ತದೆ ಎಂಬುದನ್ನು ಕಂಡುಕೊಂಡವರು ಸ್ವೀಡನ್ನಿನ ವೈದ್ಯ ಬ್ರೊನೆಮಾರ್ಕ್. ಮನುಷ್ಯರ ದವಡೆಗೆ ಅವರು ಮೊದಲು ಇಂಪ್ಲಾಂಟ್ ಹಾಕಿದ್ದು 1965ರಲ್ಲಿ. ಆ ಬೆಸುಗೆ ಗಟ್ಟಿಯಾಗಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಹಿಡಿಯುತ್ತದೆ. ಬೇಗ ಹಲ್ಲು ಕೊಡುವ ವಿಧಾನಗಳೂ ಇವೆ. ಹೆಚ್ಚಾಗಿ ಅವು ಹಲವು ಇಂಪ್ಲಾಂಟ್‌ಗಳನ್ನು ಒಂದಕ್ಕೊಂದು ಜೋಡಿಸಿ, ಇಡೀ ದವಡೆಗೆ ಹಲ್ಲು ಕಟ್ಟುವಾಗ ಒದಗುತ್ತವೆ. ನಿಮ್ಮ ತಾಯಿಗೆ ಬೇಕಿರುವುದು ಹಿಂದಿನ ಎರಡೇ ಹಲ್ಲು. ಅಗಿಯುವಾಗ ಅತಿ ಹೆಚ್ಚು ಭಾರ ಬೀಳುವ ಜಾಗ ಅದು. ಜೊತೆಗೆ ಸಕ್ಕರೆ ಕಾಯಿಲೆ. ಅಲ್ಲಿ ಅವಸರಕ್ಕೆ ಯಾವ ಕಾರಣವೂ ನನಗೆ ಕಾಣುವುದಿಲ್ಲ. ಐದು ತಿಂಗಳು ಎಂದವರು ಸರಿಯಾಗಿಯೇ ಹೇಳಿದ್ದಾರೆ.

ಇಬ್ಬರಲ್ಲಿ ಯಾರಾದರೂ ಎಚ್‌ಬಿಎ1ಸಿ ರಿಪೋರ್ಟ್ ಕೇಳಿದರೇ? ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ಪರೀಕ್ಷೆ ಅದು. 7ರ ಆಸುಪಾಸಿನಲ್ಲಿದ್ದರೆ ನಿರಾತಂಕ. 8 ದಾಟಿದ್ದರೆ ಮೊದಲು ಸಕ್ಕರೆ ಹತೋಟಿಗೆ ಬರಲಿ ಎಂದು ನಾನು ಹೇಳುತ್ತೇನೆ. ಮೂಳೆ ಸವೆತಕ್ಕೆ ಏನಾದರೂ ತೆಗೆದುಕೊಳ್ಳುತ್ತಿದ್ದಾರೆಯೇ ಎಂದೂ ವೈದ್ಯರು ವಿಚಾರಿಸಬೇಕು. ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ, ವರ್ಷಕ್ಕೊಮ್ಮೆ ಜೋಲೆಡ್ರೊನಿಕ್ ಆಸಿಡ್ ಇಂಜೆಕ್ಷನ್ ಇಂಥವು. ಈ ಔಷಧಿ ಪಡೆದವರಿಗೆ ಅಪರೂಪಕ್ಕೆ ದವಡೆಯ ಗಾಯ ಮಾಯದೆ ಮೂಳೆಯೇ ಕೊಳೆಯುವುದುಂಟು. ‘ಹಲ್ಲಿನ ಡಾಕ್ಟರಿಗೆ ಅದೆಲ್ಲ ಯಾಕೆ’ ಎಂದು ಅಮ್ಮಂದಿರು ಬಾಯಿ ಬಿಡುವುದೇ ಇಲ್ಲ. ನೀವೇ ಎಲ್ಲ ಮಾತ್ರೆಯ ಸ್ಟ್ರಿಪ್‌ಗಳನ್ನು ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ.

ಎಸ್ಟಿಮೇಟ್ ಬರವಣಿಗೆಯಲ್ಲಿ ಇರಲಿ. ಮೂಳೆಯೊಳಗಿನ ಇಂಪ್ಲಾಂಟ್, ಅದರ ಮೇಲೆ ಕ್ಯಾಪ್ ಹಿಡಿದಿಡುವ ಅಬಟ್ಮೆಂಟ್, ಕ್ಯಾಪ್, ಸ್ಕ್ಯಾನ್, ಮೂಳೆ ಸಾಲದಿದ್ದರೆ ತುಂಬುವ ಮೂಳೆ ಪುಡಿ, ಎಲ್ಲವೂ ಬೇರೆ ಬೇರೆಯಾಗಿ. ಆಫರ್ ರೇಟಿನಲ್ಲಿ ಬಹಳ ಸಲ ಇಂಪ್ಲಾಂಟ್ ಮಾತ್ರ ಸೇರಿರುತ್ತದೆ. ಪ್ರತಿ ಇಂಪ್ಲಾಂಟ್‌ನ ಡಬ್ಬಿಯಲ್ಲೂ ಬೆರಳಗಲದ ಸ್ಟಿಕ್ಕರ್ ಬರುತ್ತದೆ: ಕಂಪನಿ, ವ್ಯಾಸ, ಉದ್ದ, ಲಾಟ್ ನಂಬರ್. ಅದನ್ನು ನಿಮ್ಮ ಫೈಲಿಗೆ ಅಂಟಿಸಿಕೊಡಲು ಹೇಳಿ. ಒಂದು ಕಂಪನಿಯ ಸ್ಕ್ರೂ ಸಾಮಾನ್ಯವಾಗಿ ಇನ್ನೊಂದಕ್ಕೆ ಕೂರುವುದಿಲ್ಲ. ಹತ್ತು ವರ್ಷದ ಮೇಲೆ ಸ್ಕ್ರೂ ಸಡಿಲವಾಗಿ, ನೀವು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಇದ್ದರೆ, ಅಲ್ಲಿನ ವೈದ್ಯರಿಗೆ ದಾರಿ ತೋರಿಸುವುದು ಆ ಚೀಟಿಯೇ.

ಮನಸ್ಸು ಇನ್ನೂ ಡೋಲಾಯಮಾನವಾಗಿದ್ದರೆ, ನಿಮ್ಮ ದಾವಣಗೆರೆಯಲ್ಲೇ ಎರಡು ದಂತ ವೈದ್ಯಕೀಯ ಕಾಲೇಜುಗಳಿವೆ. ಪ್ರೊಸ್ತೊಡಾಂಟಿಕ್ಸ್ ವಿಭಾಗದಲ್ಲಿ ಸ್ಕ್ಯಾನ್ ತೋರಿಸಿ ಎರಡನೇ ಅಭಿಪ್ರಾಯ ಪಡೆಯಿರಿ. ಅಲ್ಲೇ ಮಾಡಿಸುವುದಾದರೆ ಓಡಾಟ ಜಾಸ್ತಿ, ಆದರೆ ಖರ್ಚು ಸಾಮಾನ್ಯವಾಗಿ ಕಡಿಮೆ, ಪಿಜಿ ವಿದ್ಯಾರ್ಥಿಯ ಬೆನ್ನಿಗೆ ಪ್ರೊಫೆಸರ್ ಇರುತ್ತಾರೆ. ಆ ಜಾಗದ ಹಿಂದೆ ಹಲ್ಲು ಉಳಿದಿಲ್ಲವಾದ್ದರಿಂದ, ಎರಡೂ ಬದಿಯ ಹಲ್ಲಿಗೆ ಆನಿಸಿ ಕಟ್ಟುವ ಮಾಮೂಲಿ ಬ್ರಿಡ್ಜ್ ಆಗುವುದಿಲ್ಲ. ಇಂಪ್ಲಾಂಟ್ ಬೇಡವೆಂದರೆ ತೆಗೆದು ಹಾಕುವ ಹಲ್ಲು ಸೆಟ್ ಇದೆ, ಅದನ್ನೂ ಕೇಳಿ ನೋಡಿ.

ಪ್ರಶ್ನೆ: ದಿನಾ ಹೊಗೆಸೊಪ್ಪು, ಅಡಿಕೆ ಹಾಕುವ ಅಭ್ಯಾಸ. ಇಂಪ್ಲಾಂಟ್ ಕೂರುತ್ತದೆಯೇ?
– ಓದುಗರು, ಸಾಗರ

ಉತ್ತರ: ಮೊದಲು ಬಾಯಿ ಪರೀಕ್ಷೆ ಮಾಡಿಸಿ. ಅಡಿಕೆಯಿಂದ ಕೆನ್ನೆಯ ಒಳಪದರ ಗಡುಸಾಗಿ ಬಾಯಿ ಪೂರ್ತಿ ತೆರೆಯಲಾಗದಿದ್ದರೆ ಡ್ರಿಲ್ಲನ್ನು ಹಿಂದಿನ ಹಲ್ಲಿನ ಜಾಗಕ್ಕೆ ಒಯ್ಯುವುದೇ ಕಷ್ಟ. ನಿಮ್ಮ ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ ಮುಂದಿನ ಹಲ್ಲುಗಳ ನಡುವೆ ಇಟ್ಟು ನೋಡಿ. ಹೋಗದಿದ್ದರೆ, ಅಥವಾ ಬಾಯಲ್ಲಿ ಬಿಳಿ ಇಲ್ಲವೇ ಕೆಂಪು ಕಲೆ, ಎರಡು ವಾರವಾದರೂ ಮಾಯದ ಹುಣ್ಣು ಇದ್ದರೆ ಇಂಪ್ಲಾಂಟ್ ಮಾತು ಬದಿಗಿಡಿ, ಈ ವಾರವೇ ತೋರಿಸಿ. ಹೊಗೆಸೊಪ್ಪು, ಅಡಿಕೆ ಎರಡನ್ನೂ ಬಿಡಿ ಎಂದು ಹೇಳದೆಯೇ ದಿನಾಂಕ ಕೊಡುವವರ ಬಳಿ ಇಂಪ್ಲಾಂಟ್ ಹಾಕಿಸಬೇಡಿ.