ಸಿಡ್ನಿಗೆ ಬರುವವರಿಗೆ: ಮಕ್ಕಳ ಕಾರ್ ಸೀಟಿನ ವಿಚಾರ

ಎಂಟು ತಿಂಗಳ ಮಗ, ಐದು ವರ್ಷದ ಮಗಳೊಂದಿಗೆ ಸಿಡ್ನಿಗೆ ಬರುತ್ತಿದ್ದೀರಿ. ಈಗಿರುವಲ್ಲಿ ಕೊಂಡ ಕಾರ್ ಸೀಟನ್ನೇ ತರಬಹುದೇ, ಹತ್ತಿರಕ್ಕೆ ಹೋಗುವಾಗ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡರೆ ಪೊಲೀಸರು ಹಿಡಿಯುತ್ತಾರೆಯೇ ಎಂದು ಕೇಳಿದ್ದೀರಿ.

ಸೀಟು ಹೊತ್ತು ತರಬೇಡಿ. ಇಲ್ಲಿನ ರಸ್ತೆ ನಿಯಮ ಕೇಳುವುದು ಎಎಸ್/ಎನ್‌ಝಡ್‌ಎಸ್ 1754 ಎಂಬ ಆಸ್ಟ್ರೇಲಿಯಾ-ನ್ಯೂಜಿಲೆಂಡ್ ಮಾನದಂಡದ ಗುರುತಿರುವ ಸೀಟನ್ನು. ಯುರೋಪಿನ ಅಥವಾ ಅಮೆರಿಕದ ಗುರುತಿರುವ ಸೀಟು ಎಷ್ಟೇ ದುಬಾರಿಯಾಗಿರಲಿ, ಇಲ್ಲಿ ಲೆಕ್ಕಕ್ಕಿಲ್ಲ. ಇಲ್ಲಿನ ಸೀಟುಗಳಿಗೆ ಹಿಂಭಾಗದ ಮೇಲ್ತುದಿಯಿಂದ ಹೊರಟು ಕಾರಿನ ಕೊಂಡಿಗೆ ಸೇರುವ ಟೆದರ್ ಪಟ್ಟಿ ಇರುತ್ತದೆ. ಢಿಕ್ಕಿಯಾದಾಗ ಸೀಟಿನ ತಲೆಭಾಗ ಮುಂದಕ್ಕೆ ಬಾಗದಂತೆ ತಡೆಯುವುದು ಆ ಪಟ್ಟಿಯೇ. ಹೊರಗಿನ ಎಷ್ಟೋ ಸೀಟುಗಳಲ್ಲಿ ಅದು ಇರುವುದೇ ಇಲ್ಲ.

ವಯಸ್ಸಿನ ಲೆಕ್ಕ ಹೀಗಿದೆ. ಆರು ತಿಂಗಳವರೆಗೆ ಮಗು ಕಾರಿನ ಹಿಂಬದಿಗೆ ಮುಖ ಮಾಡಿರುವ ಸೀಟಿನಲ್ಲೇ ಇರಬೇಕು. ಆರು ತಿಂಗಳಿಂದ ನಾಲ್ಕು ವರ್ಷದವರೆಗೆ ಹಿಂದಕ್ಕೋ ಮುಂದಕ್ಕೋ ಮುಖ ಮಾಡಿದ, ಹಾರ್ನೆಸ್ (ಮಗುವನ್ನು ಕಟ್ಟುವ, ಸೀಟಿನದೇ ಪಟ್ಟಿಗಳು) ಇರುವ ಸೀಟು. ನಾಲ್ಕರಿಂದ ಏಳರವರೆಗೆ ಮುಂದಕ್ಕೆ ಮುಖ ಮಾಡಿದ ಹಾರ್ನೆಸ್ ಸೀಟು ಅಥವಾ ಬೂಸ್ಟರ್, ಅಂದರೆ ಕಾರಿನ ಬೆಲ್ಟ್ ಸರಿಯಾಗಿ ಕೂರುವಂತೆ ಮಗುವನ್ನು ಎತ್ತರಿಸುವ ಸೀಟು. ನಾಲ್ಕು ತುಂಬದ ಮಗುವನ್ನು, ಕಾರಿನಲ್ಲಿ ಹಿಂದಿನ ಸಾಲು ಇದ್ದರೆ, ಮುಂದೆ ಕೂರಿಸುವಂತಿಲ್ಲ. ನಾಲ್ಕರಿಂದ ಏಳರ ಮಗು ಮುಂದೆ ಕೂರಬೇಕಾದರೆ ಹಿಂದಿನ ಸೀಟುಗಳೆಲ್ಲ ಏಳರೊಳಗಿನ ಮಕ್ಕಳಿಂದಲೇ ತುಂಬಿರಬೇಕು.

ಇವು ಕಾನೂನು ಕೇಳುವ ಕನಿಷ್ಠ. ನಿಮ್ಮ ಮಗನನ್ನು ಈಗಲೇ ಮುಂದಕ್ಕೆ ತಿರುಗಿಸಬಹುದು, ಆದರೆ ತಿರುಗಿಸಬೇಡಿ. ಆ ವಯಸ್ಸಿನಲ್ಲಿ ಮೈಗೆ ಹೋಲಿಸಿದರೆ ತಲೆ ಭಾರ, ಕುತ್ತಿಗೆ ಎಳೆಯದು. ಹಿಂದಕ್ಕೆ ಮುಖ ಮಾಡಿ ಕೂತಿದ್ದರೆ ಢಿಕ್ಕಿಯ ರಭಸ ಇಡೀ ಬೆನ್ನಿನ ಮೇಲೆ ಹರಡುತ್ತದೆ. ಸೀಟಿನ ಬಟ್ಟೆಯ ಮೇಲೆ ಭುಜದ ಎತ್ತರದ ಗೆರೆಗಳಿರುತ್ತವೆ. ಭುಜ ಮೇಲಿನ ಗೆರೆ ದಾಟುವವರೆಗೂ ಹಾಗೇ ಇರಲಿ. ಕಾಲು ಸೀಟಿಗೆ ತಾಗಿ ಮಡಚಿಕೊಂಡಿದೆ ಅನ್ನುವುದು ಕಾರಣವಲ್ಲ. ಮಗಳಿಗೂ ಅಷ್ಟೇ, ಹಾರ್ನೆಸ್ ಸೀಟಿನಲ್ಲಿ ಇನ್ನೂ ಹಿಡಿಸುತ್ತಿದ್ದರೆ ಬೂಸ್ಟರ್‌ಗೆ ಅವಸರ ಬೇಡ. ಏಳು ತುಂಬಿದ ದಿನ ಬೂಸ್ಟರ್ ಎತ್ತಿಡುವುದೂ ಬೇಡ. ದೊಡ್ಡವರ ಬೆಲ್ಟ್ ಸರಿಯಾಗಿ ಕೂರುವುದು ಸುಮಾರು 145 ಸೆಂ.ಮೀ. ಎತ್ತರಕ್ಕೆ. ಅದಕ್ಕೂ ಮೊದಲಾದರೆ ಸೊಂಟದ ಪಟ್ಟಿ ಹೊಟ್ಟೆಯ ಮೇಲೆ, ಭುಜದ ಪಟ್ಟಿ ಕುತ್ತಿಗೆಯ ಮೇಲೆ ಬರುತ್ತದೆ. ಕುತ್ತಿಗೆಗೆ ಉಜ್ಜುತ್ತದೆ ಎಂದು ಮಕ್ಕಳು ಪಟ್ಟಿಯನ್ನು ಕಂಕುಳ ಕೆಳಗೆ ತೂರಿಸುತ್ತಾರೆ, ಅದು ಇನ್ನೂ ಅಪಾಯ.

ಇನ್ನು ಪೊಲೀಸರು. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 2024ರ ಜುಲೈ 1ರಿಂದ, ಚಾಲಕರ ಮೊಬೈಲ್ ಬಳಕೆ ಪತ್ತೆಹಚ್ಚುವ ಕ್ಯಾಮೆರಾಗಳೇ ಸೀಟ್ ಬೆಲ್ಟನ್ನೂ ನೋಡುತ್ತಿವೆ. ಅವು ನೋಡುವುದು ಮುಂದಿನ ಸೀಟುಗಳನ್ನು, ಹಿಂದಿನ ಸೀಟಿಗೆ ಇಣುಕುವುದು ರಸ್ತೆಯಲ್ಲಿ ನಿಲ್ಲಿಸುವ ಪೊಲೀಸರು. ಉಸಿರಿನ ತಪಾಸಣೆಗೆಂದು ನಿಲ್ಲಿಸಿದವರು ಒಳಗೆ ಒಂದು ನೋಟ ಹಾಯಿಸಿದರೆ ಸಾಕು. ಮಗು ಯಾರ ತೊಡೆಯ ಮೇಲಿದ್ದರೂ ಹೊಣೆ ಚಾಲಕರದು. ದಂಡದ ಜೊತೆಗೆ ಕನಿಷ್ಠ ಮೂರು ಡಿಮೆರಿಟ್ ಪಾಯಿಂಟ್ (ತಪ್ಪಿಗೆ ಲೈಸನ್ಸಿನ ಮೇಲೆ ಬೀಳುವ ಅಂಕ), ದೊಡ್ಡ ರಜೆಗಳ ಸಮಯದಲ್ಲಿ ಅದು ದುಪ್ಪಟ್ಟು. ಪೂರ್ಣ ಲೈಸನ್ಸಿಗೆ ಮೂರು ವರ್ಷಕ್ಕೆ ಇರುವ ಮಿತಿಯೇ 13 ಪಾಯಿಂಟ್. "ಪಕ್ಕದ ಬೀದಿಗೆ" ಎಂಬ ವಿನಾಯಿತಿ ಎಲ್ಲೂ ಇಲ್ಲ.

ಆದರೆ ಪೊಲೀಸರಿಗೆ ಕಾಣುವುದು ಸೀಟು ಇದೆಯೋ ಇಲ್ಲವೋ ಎನ್ನುವುದಷ್ಟೇ. ಅದನ್ನು ತಪ್ಪಾಗಿ ಬಿಗಿದಿದ್ದರೆ ಕಿಟಕಿಯಿಂದ ಗೊತ್ತಾಗುವುದಿಲ್ಲ. ಹೆಚ್ಚಿನ ಎಡವಟ್ಟು ಆಗುವುದೇ ಇಲ್ಲಿ. ಟೆದರ್ ಕೊಕ್ಕೆಯನ್ನು ಕಾರಿನ ಹಿಂದಿನ ಡಿಕ್ಕಿಯಲ್ಲಿ (ಸಾಮಾನಿಡುವ ಜಾಗ) ಸಾಮಾನು ಕಟ್ಟುವ ಕೊಂಡಿಗೆ ಹಾಕಿಬಿಡುವುದು ಬಹಳ ಸಾಮಾನ್ಯ. ನೋಡಲು ಎರಡೂ ಒಂದೇ ಥರ, ಆದರೆ ಸಾಮಾನಿನ ಕೊಂಡಿ ಆ ಎಳೆತಕ್ಕೆ ಮಾಡಿದ್ದಲ್ಲ. ಟೆದರ್ ಕೊಂಡಿ ಸೀಟಿನ ಬೆನ್ನಿನಲ್ಲೋ, ಡಿಕ್ಕಿಯ ನೆಲದಲ್ಲೋ, ಕೆಲವು ಕಾರುಗಳಲ್ಲಿ ಚಾವಣಿಯಲ್ಲೋ ಇರುತ್ತದೆ. ಕಾರಿನ ಕೈಪಿಡಿ ನೋಡಿಯೇ ಹಾಕಿ. ಐಸೋಫಿಕ್ಸ್ (ಬೆಲ್ಟಿನ ಬದಲು ಸೀಟನ್ನು ನೇರ ಕಾರಿಗೇ ಸಿಕ್ಕಿಸುವ ಕೊಂಡಿಗಳು) ಇದ್ದರೂ ಟೆದರ್ ಬೇಕೇ ಬೇಕು. ಐಸೋಫಿಕ್ಸ್ ಮತ್ತು ಕಾರಿನ ಬೆಲ್ಟ್ ಎರಡನ್ನೂ ಒಟ್ಟಿಗೆ ಹಾಕಿದರೆ ಹೆಚ್ಚು ಭದ್ರ ಅಂದುಕೊಳ್ಳಬೇಡಿ, ಸೀಟಿನ ಕೈಪಿಡಿ ಹೇಳಿದ್ದರೆ ಮಾತ್ರ ಹಾಗೆ ಮಾಡಿ.

ಬಿಗಿಯುವಾಗ ಸೀಟಿನ ಮೇಲೆ ಭಾರ ಹಾಕಿ ಒತ್ತಿ, ಬೆಲ್ಟಿನ ಸಡಿಲ ಎಳೆದುಕೊಳ್ಳಿ, ಆಮೇಲೆ ಟೆದರ್ ಬಿಗಿ ಮಾಡಿ. ಬೆಲ್ಟ್ ಹಾದುಹೋಗುವ ಜಾಗದಲ್ಲಿ ಹಿಡಿದು ಅಲ್ಲಾಡಿಸಿದರೆ ಎರಡೂವರೆ ಸೆಂ.ಮೀ.ಗಿಂತ ಹೆಚ್ಚು ಸರಿಯಬಾರದು. ಹಾರ್ನೆಸ್ ಪಟ್ಟಿ ತಿರುಚಿಕೊಂಡಿರಬಾರದು. ಪಟ್ಟಿ ಹೊರಬರುವ ಸೀಳು ಭುಜಕ್ಕೆ ಹತ್ತಿರವಿರಲಿ, ಭುಜಕ್ಕಿಂತ ಕೆಳಗಿರದಿರಲಿ. ಭುಜದ ಮೇಲೆ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಲು ಆಯಿತೆಂದರೆ ಸಡಿಲ ಉಳಿದಿದೆ. ಚಳಿಗಾಲದಲ್ಲಿ ಉಬ್ಬಿದ ಜಾಕೆಟ್ ಹಾಕಿಸಿ ಕಟ್ಟಬೇಡಿ, ಢಿಕ್ಕಿಯಲ್ಲಿ ಅದರೊಳಗಿನ ಗಾಳಿ ಹೋಗಿ ಪಟ್ಟಿ ಸಡಿಲವಾಗುತ್ತದೆ. ಮೊದಲು ಕಟ್ಟಿ, ಮೇಲೆ ಹೊದಿಕೆ ಹಾಕಿ.

ಅನುಮಾನವಿದ್ದರೆ ರಾಜ್ಯ ಸರ್ಕಾರದ ಅನುಮತಿ ಪಡೆದ ಫಿಟರ್‌ಗಳಿದ್ದಾರೆ, ಹಣ ಕೊಟ್ಟರೆ ಹಾಕಿಕೊಡುತ್ತಾರೆ. ಹಲವು ಕೌನ್ಸಿಲ್‌ಗಳು (ಸ್ಥಳೀಯ ಆಡಳಿತಗಳು) ಆಗಾಗ ಉಚಿತ ತಪಾಸಣಾ ದಿನ ಇಡುತ್ತವೆ. ಬರೀ ಹಾಕಿಸಿಕೊಂಡು ಬರಬೇಡಿ, ಅವರೆದುರೇ ಒಮ್ಮೆ ಬಿಚ್ಚಿ ನೀವೇ ಹಾಕಿ ತೋರಿಸಿ. ಮಕ್ಕಳ ಸುರಕ್ಷತೆಯ ಸಂಸ್ಥೆ ಕಿಡ್‌ಸೇಫ್ ಮತ್ತು ನ್ಯೂರಾ ಸಂಶೋಧನಾ ಸಂಸ್ಥೆಯ ಮಾರ್ಗದರ್ಶನ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ, ಓದಿಕೊಂಡು ಬನ್ನಿ.

ಹಳೆಯ ಸೀಟು ಕೊಳ್ಳುವುದಾದರೆ ತಯಾರಾದ ದಿನಾಂಕ ನೋಡಿ. ಹತ್ತು ವರ್ಷ ದಾಟಿದ್ದು, ಅಪಘಾತ ಕಂಡಿದ್ದು, ಚರಿತ್ರೆ ಗೊತ್ತಿಲ್ಲದ್ದು ಬೇಡ.

ಇನ್ನು ವಿಮಾನ ನಿಲ್ದಾಣ. ಟ್ಯಾಕ್ಸಿಗೆ ಕೊಂಚ ಸಡಿಲಿಕೆ ಇದ್ದರೂ ಒಂದು ವರ್ಷದೊಳಗಿನ ಮಗುವಿಗೆ ಇಲ್ಲ, ಅಂದರೆ ನಿಮ್ಮ ಮಗನಿಗೆ ಸೀಟು ಬೇಕೇ ಬೇಕು. ಆ್ಯಪ್‌ನಲ್ಲಿ ಕರೆಯುವ ಕಾರಿಗೆ ಆ ಸಡಿಲಿಕೆಯೂ ಇಲ್ಲ, ಇಬ್ಬರಿಗೂ ಸೀಟು ಇರಲೇಬೇಕು. ಹೊರಡುವ ಮೊದಲೇ ಸೀಟು ಸಹಿತ ಗಾಡಿ ಗೊತ್ತು ಮಾಡಿ, ಮಕ್ಕಳ ವಯಸ್ಸನ್ನೂ ಎತ್ತರವನ್ನೂ ಬುಕಿಂಗ್‌ನಲ್ಲೇ ಬರೆದುಬಿಡಿ. ಸ್ನೇಹಿತರು ಕರೆದೊಯ್ಯಲು ಬರುವುದಾದರೆ ಸೀಟು ಬಾಡಿಗೆಗೆ ತಂದು ಹಿಂದಿನ ದಿನವೇ ಕೂರಿಸಿಟ್ಟಿರಲು ಹೇಳಿ. ನಿಲ್ದಾಣದ ಕಾರ್ ಪಾರ್ಕಿಂಗಿನಲ್ಲಿ ಅಳುವ ಮಗುವನ್ನು ಎತ್ತಿಕೊಂಡು ಟೆದರ್ ಕೊಂಡಿ ಹುಡುಕುವುದು ಆಗದ ಕೆಲಸ.