ಮಿನಿಯಾಪೊಲಿಸ್ ಚಳೀಲಿ ಕರಿಬೇವು

ಪ್ರಶ್ನೆ: ನಾವಿರೋದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ. ಸೆಪ್ಟೆಂಬರ್ ಕೊನೇಲೇ ಕರಿಬೇವಿನ ಪಾಟ್ ಒಳಗೆ ತಂದಿಟ್ವಿ, ದಿನಾ ನೀರು ಹಾಕ್ತಿದೀನಿ, ಆದ್ರೂ ಎಲೆಯೆಲ್ಲ ಹಳದಿಯಾಗಿ ಉದುರಿ ಈಗ ಬರೀ ಕಡ್ಡಿ ನಿಂತಿದೆ. ಸತ್ತೋಯ್ತಾ ಸರ್?

ಉತ್ತರ: ದಯವಿಟ್ಟು ಕಿತ್ತು ಬಿಸಾಕ್ಬೇಡಿ ಮೇಡಂ. ಕಾಂಡಾನ ಉಗುರಲ್ಲಿ ಒಂಚೂರು ಕೆರೆದು ನೋಡಿ, ಸಿಪ್ಪೆ ಕೆಳಗೆ ಹಸಿರು ಕಂಡ್ರೆ ಜೀವ ಇದೆ. ನಿಮ್ಮೂರಲ್ಲಿ ಡಿಸೆಂಬರ್ ಕೊನೇಲಿ ಹಗಲು 9 ಗಂಟೇನೂ ಇರಲ್ಲ, ಬೆಳಕು ಸಾಲದೆ ಗಿಡ ನಿದ್ದೆಗೆ ಹೋಗುತ್ತೆ, ಆಗ ಬೇರು ನೀರು ಕುಡಿಯೋದೇ ಕಮ್ಮಿ, ಅಂಥದ್ರಲ್ಲಿ ದಿನಾ ಹಾಕ್ತಾ ಹೋದ್ರೆ ಬೇರು ಕೊಳೆಯುತ್ತೆ, ಚಳಿಗಿಂತ ಇದೇ ಜಾಸ್ತಿ ಗಿಡ ಕೊಲ್ಲೋದು. ಬೆರಳು ಎರಡು ಗೆಣ್ಣು ಮಣ್ಣೊಳಗಿಳಿಸಿ, ಒಣಗಿದ್ರೆ ಮಾತ್ರ ನೀರು. ದಕ್ಷಿಣದ ಕಿಟಕಿ ಹತ್ರ ಇಡಿ, ತಣ್ಣನೆ ಗಾಜಿಗೆ ತಾಗಿಸ್ಬೇಡಿ, ಹೀಟರ್ ಗಾಳಿನೂ ಬಡೀಬಾರ್ದು. ಗೊಬ್ಬರ ಚಿಗುರು ಬಂದ್ಮೇಲೆ.

ಇನ್ನೊಂದು ಮಾತು, ಏಪ್ರಿಲ್‌ನಲ್ಲಿ ಎರಡು ದಿನ ಒಳ್ಳೆ ಬಿಸಿಲು ಬಂತು ಅಂತ ಹೊರಗಿಟ್ಬಿಡ್ಬೇಡಿ, ನಿಮ್ಮಲ್ಲಿ ಮೇನಲ್ಲೂ ಹಿಮ ಬೀಳೋದುಂಟು. ರಾತ್ರಿ 10 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿಯೋದು ನಿಂತ್ಮೇಲೆ ಹೊರಗಿಡಿ, ಮೊದಲ ವಾರ ನೆರಳಲ್ಲೇ ಇರಲಿ.